ಟಿವಿ ನೋಡಿ ಇಟ್ಟ ಗಡಿಯಾರ

ಕೆಂಗೇರಿ ಉಪನಗರದ ಮಹಿಳಾ ಹಾಸ್ಟೆಲಿನ ವಾರ್ಡನ್ ನಾನು. ಗೇಟಿನ ಗಡಿಯಾರವನ್ನು ದಿನವೂ ಟಿವಿ ವಾರ್ತೆ ಆರಂಭವಾಗುವ ಕ್ಷಣಕ್ಕೆ ಸರಿಹೊಂದಿಸುತ್ತೇನೆ. ಕಾನ್ವೆಂಟಿನಲ್ಲಿ ಕಲಿತ ಶಿಸ್ತು.

ಮೊನ್ನೆ ಡಿಶ್ ರಿಪೇರಿಗೆ ಬಂದ ಹುಬ್ಬಳ್ಳಿಯವರೊಬ್ಬರು ನಾನು ಹಾಗೆ ಮಾಡುವುದನ್ನು ನೋಡಿ, "ಟಿವಿ ನೋಡಿ ಟೈಮ್ ಇಡಬ್ಯಾಡ್ರಿ ಮೇಡಂ. ಹಳೇ ಆಂಟೆನಾದಾಗ ಚಿತ್ರ ನೇರ ಬರ್ತಿತ್ತು. ಈಗ ಅದನ್ನ ಅಂಕಿ ಮಾಡಿ ಕಳಿಸ್ತಾರ, ಈ ಬಾಕ್ಸ್ ತಿರುಗಿ ಚಿತ್ರ ಮಾಡ್ತದ. ಅಷ್ಟರಾಗ ಐದು ಸೆಕೆಂಡ್ ತಡ ಆಗ್ತದ" ಎಂದರು.

ಹಿಂದಿನ ಸಂಜೆ ಗೇಟು ಮುಚ್ಚುವ ಹೊತ್ತಿಗಿಂತ ಒಂದು ನಿಮಿಷ ತಡವಾಗಿ ಬಂದು ಕ್ಷಮಾಪಣೆ ಪತ್ರ ಬರೆದುಕೊಟ್ಟಿದ್ದ ಹಾಸ್ಟೆಲಿನ ಹುಡುಗಿ ಸುಮಾ ಅಲ್ಲೇ ಇದ್ದಳು.

"ನಿಮ್ಮ ಗಡಿಯಾರಾನೇ ತಪ್ಪಂತಲ್ಲ ಮೇಡಂ, ನನ್ನ ಲೆಟರ್ ವಾಪಸ್ ಕೊಡಿ."

ಇನ್ನು ಹುಡುಗಿಯರು ನನ್ನ ಮಾತು ನಂಬುವುದಿಲ್ಲವೆಂದು ಒಂದು ಕ್ಷಣ ಅಳುಕಾಯಿತು.

"ಗಡಿಯಾರ ಹಿಂದಿದ್ದರೆ ನೀನು ಇನ್ನೂ ಐದು ಸೆಕೆಂಡ್ ತಡವಾಗಿ ಬಂದ ಹಾಗಾಯಿತಮ್ಮ. ಅದನ್ನೂ ಸೇರಿಸಿ ಬರೆ" ಎಂದೆ.

ಅವಳು ಮೆಟ್ಟಿಲು ಹತ್ತಿದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಮುಳ್ಳನ್ನು ಸ್ವಲ್ಪ ಮುಂದಕ್ಕೆ ತಳ್ಳಿದೆ.