ಹಿಂದಕ್ಕೆ ಸರಿದ ದೇವರು

ಕಣಗಿಲೆ ಹೂ ಕಂಡರೆ ನನಗೆ ಮೈ ಉರಿಯುತ್ತದೆ. ಹೂವಿನ ತಪ್ಪೇನೂ ಇಲ್ಲ, ಪಾಪ. ಈ ಭಾನುವಾರ ಬೆಳಿಗ್ಗೆ ಅರಸೀಕೆರೆಯ ನಮ್ಮ ಪಕ್ಕದ ಮನೆಯಾಕೆ ಗುಡಿಯಿಂದ ಬಂದವರೇ, ‘ಅಮ್ಮ ಬಲಗಡೆ ಹೂ ಕೊಟ್ಳು ಸಾರ್, ತಗೊಳ್ಳಿ’ ಎಂದು ಒಂದು ಕೆಂಪು ಕಣಗಿಲೆಯನ್ನು ಅಂಗೈಗೆ ಹಾಕಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು ನಾನು. ಏನು ಮಾಡಿದೆ ಅಂತೀರಿ? ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡೆ. ಆಮೇಲೆ ಒಳಗೆ ಬಂದು ಹೆಂಡತಿಯ ಮೇಲೆ ರೇಗಿದೆ. ನನ್ನ ವೈಚಾರಿಕತೆಯೆಲ್ಲ ಹೊಸ್ತಿಲ ಒಳಗೇ.

ನಮ್ಮೂರು ಕಣಕಟ್ಟೆಯ ಹತ್ತಿರದ ಒಂದು ಹಳ್ಳಿ. ಅಲ್ಲಿ ದೇವರು ಮಾತಾಡುವುದಿಲ್ಲ, ನಡೆಯುತ್ತದೆ. ಉದ್ದನೆಯ ಗಳುಗಳ ನಡುವೆ ಅಮ್ಮನ ಮುಖ ಕಟ್ಟಿ, ಸೀರೆ ಉಡಿಸಿ, ಕಣಗಿಲೆ ಹಾರ ಹಾಕಿ, ಮುಂದೊಬ್ಬ ಹಿಂದೊಬ್ಬ ಹೆಗಲು ಕೊಡುತ್ತಾರೆ. ಅದಕ್ಕೆ ಅಡ್ಡೆ ಅನ್ನುತ್ತೇವೆ. ಮಗಳ ಮದುವೆ, ಬೋರ್‌ವೆಲ್ ಜಾಗ, ತಪ್ಪಿಸಿಕೊಂಡ ಎಮ್ಮೆ, ಏನು ಬೇಕಾದರೂ ಕೇಳಬಹುದು. ಅಡ್ಡೆ ಮುಂದಕ್ಕೆ ಬಂದರೆ ಹೂಂ, ಹಿಂದಕ್ಕೆ ಸರಿದರೆ ಊಹೂಂ.

ಮುಂದಿನ ಹೆಗಲು ನಮ್ಮ ಚಿಕ್ಕಪ್ಪನದು. ಅಡ್ಡೆ ಎತ್ತುವ ದಿನ ನೀರು ಕೂಡ ಮುಟ್ಟುತ್ತಿರಲಿಲ್ಲ. ‘ನೀನೇ ಎಳೀತೀಯೇನು ಅದನ್ನ?’ ಎಂದು ನಾನೊಮ್ಮೆ ಕೆಣಕಿದ್ದಕ್ಕೆ, ‘ಬಾಯ್ಮುಚ್ಲಾ. ನಾನ್ಯಾಕ್ ಎಳೀಲಿ? ಅದೇ ನನ್ನ ಎಳ್ಕಂಡು ಹೋಯ್ತದೆ. ಹೆಗಲು ಕೊಟ್ಟು ನೋಡು, ಗೊತ್ತಾಯ್ತದೆ’ ಅಂದಿದ್ದ. ಅವನು ಸುಳ್ಳು ಹೇಳುವ ಆಸಾಮಿಯಲ್ಲ. ಅದೇ ನನ್ನ ತಲೆ ಕೆಡಿಸುವುದು. ಕಳ್ಳನಾಗಿದ್ದರೆ ಬೈದು ನಿದ್ದೆ ಮಾಡಬಹುದಿತ್ತು.

ಅವನ ಮಗಳು ಕಮಲಿ. ಚಿಕ್ಕವಳಾಗಿದ್ದಾಗ ಒಮ್ಮೆ ರಾಗಿ ತೂರುವ ಕಣದಲ್ಲಿ ಆಡುವಾಗ ಹೊಟ್ಟು ಒಂದು ಕಣ್ಣಿಗೆ ಬಿತ್ತು. ಉಜ್ಜಿಕೊಂಡಳು. ಕಣ್ಣು ಕೆಂಪಾಯಿತು, ಊದಿತು, ಆಮೇಲೆ ಕರಿಗುಡ್ಡೆಯ ಮೇಲೆ ಬೆಳ್ಳಗೆ ಒಂದು ಚುಕ್ಕೆ. ಚಿಕ್ಕಮ್ಮ ಅವಳನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಕಣ್ಣಿನ ಡಾಕ್ಟರು ಇಲ್ಲ. ವಾರಕ್ಕೊಂದು ದಿನ ಬರುವವರು ಅವತ್ತು ಎಲ್ಲೋ ಕ್ಯಾಂಪಿಗೆ ಹೋಗಿದ್ದರು. ಅಲ್ಲಿದ್ದ ನರ್ಸು ರೆಪ್ಪೆ ಬಿಡಿಸಿ ನೋಡಿ, ‘ಏನ್ರೀ, ಇಷ್ಟು ದಿನ ಕತ್ತೆ ಕಾಯ್ತಿದ್ರಾ? ಕಣ್ಣೊಳಗೇ ಸೂಜಿ ಹಾಕ್ಬೇಕಾಗತ್ತೆ, ಮುಂದಿನ ವಾರ ಬನ್ನಿ’ ಎಂದು ಗದರಿ ಕಳಿಸಿದಳು. ನನಗೆ ಆ ನರ್ಸಿನ ಮೇಲೂ ಸಿಟ್ಟಿದೆ, ಬರದ ಡಾಕ್ಟರ ಮೇಲೂ ಸಿಟ್ಟಿದೆ. ದೇವರಾದರೂ ಕರೆದಾಗ ಮನೆ ಬಾಗಿಲಿಗೆ ಬರುತ್ತಿತ್ತು. ನಮ್ಮಂಥ ಊರಿಗೆ ಕರೆದಾಗ ಬರುತ್ತಿದ್ದದ್ದು ಅದೊಂದೇ.

ಹಾಗಾಗಿ ಅಡ್ಡೆ ಬಂತು. ನಮ್ಮಲ್ಲೊಂದು ಕಟ್ಟಳೆ: ಯಾರ ಮನೆಯ ಮಾತು ಕೇಳುತ್ತಾರೋ ಆ ಮನೆಯವರು ಹೆಗಲು ಕೊಡುವಂತಿಲ್ಲ. ಮೋಸ ಆಗದಿರಲಿ ಎಂದು. ಚಿಕ್ಕಪ್ಪನ ಜಾಗಕ್ಕೆ ಅವನ ಗೆಳೆಯ ಸಿದ್ದಣ್ಣ ನಿಂತ. ಚಿಕ್ಕಪ್ಪ ಮೊದಲ ಸಲ ಕೇಳುವವರ ಕಡೆ ನಿಂತಿದ್ದ. ನಾನೂ ಅಲ್ಲೇ ಇದ್ದೆ. ಚಿಕ್ಕಮ್ಮ ಸೆರಗೊಡ್ಡಿ ಕೇಳಿದಳು. ‘ತಾಯಿ, ಮಗೀನ ದೊಡ್ಡಾಸ್ಪತ್ರೆಗೆ ಕರ್ಕಂಡೋಗ್ಲಾ?’ ಅಡ್ಡೆ ಸರಸರನೆ ಹಿಂದಕ್ಕೆ ಸರಿಯಿತು. ಮತ್ತೆ ಕೇಳಿದಳು. ಮತ್ತೆ ಹಿಂದಕ್ಕೆ. ಆಮೇಲಿನದೆಲ್ಲ ತೀರ್ಥ, ಭಂಡಾರ, ಹರಕೆ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಕಣ್ಣು ಹೋಗಿತ್ತು.

ಹೋದ ವರ್ಷ ಚಿಕ್ಕಮ್ಮನ ತಿಥಿಯ ದಿನ, ಉಂಡು ಜಗಲಿಯಲ್ಲಿ ಕೂತಿದ್ದಾಗ, ಚಿಕ್ಕಪ್ಪ ಇದ್ದಕ್ಕಿದ್ದಂತೆ ಹೇಳಿದ. ‘ಅವತ್ತು ನಾನು ಎದುರಿಗಿದ್ನಲ್ಲ, ನೋಡಿದೆ ಕಣೋ. ಅಡ್ಡೆ ಅಲ್ಲಾಡೋಕ್ ಮುಂಚೆ ಸಿದ್ದನ ಹಿಮ್ಮಡಿ ಎದ್ದಿತ್ತು. ಕಾಲು ಮೊದ್ಲು, ದೇವ್ರು ಆಮೇಲೆ. ಅವನ ಅವ್ವ ಆಸ್ಪತ್ರೇಲೇ ಸತ್ತಿದ್ಲು, ಹೆದರಿಕೆ ಇತ್ತೇನೋ. ಅವನ ಕಾಲು ಅವನಿಗೇ ಗೊತ್ತಿರ್ಲಿಲ್ಲ.’

‘ಮತ್ತೆ ಯಾಕೆ ಸುಮ್ಮನಿದ್ದೆ?’

‘ಹೇಳಿದ್ರೆ, ನಾನು ಹೊತ್ತಾಗ ಆಗಿದ್ದೆಲ್ಲ ಏನಾಗ್ತಿತ್ತು? ನಾನು ಹೊತ್ತ ಅಡ್ಡೆ ನಂಬಿ ಹೆಣ್ಣು ಕೊಟ್ಟೋರು, ಹೊಲ ಮಾರಿದೋರು... ಅವ್ರಿಗೆ ಏನಂತ ಮೊಕ ತೋರಿಸ್ಲಿ?’

ಥೂ ಎಂದು ಎದ್ದು ಬಂದವನು ಅವನ ಮನೆಗೆ ಕಾಲಿಟ್ಟಿರಲಿಲ್ಲ. ಊರಿನ ಮುಂದೆ ಮುಖ ಉಳಿಸಿಕೊಳ್ಳಲು ಮಗಳ ಕಣ್ಣು ಕೊಟ್ಟನಲ್ಲ, ಎಂಥ ಅಪ್ಪ ಅವನು? ನೀವಾಗಿದ್ದರೆ ಮಾತಾಡಿಸುತ್ತಿದ್ದಿರಾ?

ಈ ಭಾನುವಾರ ಮಧ್ಯಾಹ್ನ ಬಾಣಾವರದಲ್ಲಿ ಕಮಲಿಯ ಮನೆಗೆ ಹೋಗಿದ್ದೆ. ಅವಳು ಅಲ್ಲಿ ಅಂಗನವಾಡಿ ಟೀಚರು. ಕಾಫಿ ಕುಡಿಯುತ್ತ ಪಕ್ಕದ ಮನೆಯಾಕೆಯನ್ನೂ, ಅಡ್ಡೆಯನ್ನೂ, ಊರನ್ನೂ ಒಟ್ಟಿಗೇ ಜಾಡಿಸಿದೆ. ಅವಳು ನಕ್ಕಳು.

‘ಸುಮ್ನಿರಣ್ಣ, ನಿಂಗೆ ಬಿ.ಪಿ. ಐತೆ. ಅಮ್ಮನ ತಪ್ಪಿಲ್ಲ ಅದ್ರಲ್ಲಿ. ಆ ನರ್ಸು ಸೂಜಿ ಅಂದಿದ್ಲಲ್ಲ, ನಂಗೆ ಪ್ರಾಣ ಹೋದಂಗಾಗಿತ್ತು. ಅವ್ವ ಆಸ್ಪತ್ರೆಗೆ ಹೋಗ್ಲಾ ಅಂತ ಕೇಳ್ತಿದ್ರೆ, ನಾನು ಒಳಗೊಳಗೇ ಬ್ಯಾಡ ಅನ್ನು ತಾಯಿ, ಬ್ಯಾಡ ಅನ್ನು ಅಂತ ಬೇಡ್ಕಂತಿದ್ದೆ. ಆ ತಾಯಿ ನನ್ ಮಾತೇ ಕೇಳಿದ್ಲು. ಕಣ್ಣು ನಾನೇ ಕಳ್ಕಂಡಿದ್ದು.’

ಯಾರಿಗಾದರೂ ಹೇಳಿದ್ದೀಯಾ ಎಂದೆ. ಇಲ್ಲ ಎಂದಳು. ಅವ್ವ ಸಾಯುವಾಗ ಅವಳಿಗೂ ಹೇಳಲಿಲ್ಲವಂತೆ.

ನಾನು ಕಾಫಿ ಲೋಟ ಕೆಳಗಿಟ್ಟೆ. ‘ಏಳು, ಊರಿಗೆ ಹೋಗೋಣ’ ಎಂದು ಎಬ್ಬಿಸಿ ಬಸ್ಸು ಹತ್ತಿಸಿದೆ. ಚಿಕ್ಕಪ್ಪ ಜಗಲಿಯಲ್ಲಿ ಕಾಯಿ ಸುಲಿಯುತ್ತಿದ್ದ. ನನ್ನನ್ನು ಕಂಡು ಮುಖ ಅರಳಿಸಿದ. ನಾನು ಕೂರಲೂ ಇಲ್ಲ. ‘ನಂಗೆ ಹೇಳಿದ್ದನ್ನ ಇವಳಿಗೆ ಹೇಳು. ಸಿದ್ದಣ್ಣನ ಕಾಲಿನ ಮಾತು. ಈಗಲೇ ಹೇಳು.’

ಅವನು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದ. ಕಮಲಿ ಕಂಬ ಹಿಡಿದು ಕೇಳಿಸಿಕೊಂಡಳು. ಆಮೇಲೆ, ‘ಹಂಗಾರೆ ನಾನು ಬೇಡ್ಕಂಡಿದ್ದಕ್ಕಲ್ವಾ?’ ಎಂದಳು.

‘ಏನ್ ಬೇಡ್ಕಂಡಿದ್ದವ್ವ?’ ಅವನಿಗೇನು ಗೊತ್ತು? ನಾನೇ ಹೇಳಿದೆ. ಅವನು ಕಾಯಿ ಬದಿಗಿಟ್ಟು ಎದ್ದು ಅವಳ ಹತ್ತಿರ ಬಂದ.

‘ನೀನಲ್ಲ ಕಣವ್ವ. ನಿನ್ನಿಂದಲ್ಲ.’

ನಾನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬೇಕಾಗಲಿಲ್ಲ. ಯಾವತ್ತೂ ಯಾರಿಗೂ ದನಿ ಎತ್ತದ ಕಮಲಿ ಬೀದಿಗೆಲ್ಲ ಕೇಳುವಂತೆ ಕೂಗಿದಳು:

‘ಕಾಣ್ತಿತ್ತಲ್ಲಪ್ಪ ನಿಂಗೆ! ಎರಡೂ ಕಣ್ಣಿದ್ವಲ್ಲ ನಿಂಗೆ!’

ಅಕ್ಕಪಕ್ಕದವರು ಓಡಿ ಬಂದರು. ಯಾರೋ ಅವಳ ತೋಳು ಹಿಡಿಯಲು ಹೋದರು. ಮುಟ್ಟಬೇಡಿ, ಕೂಗಲಿ ಎಂದೆ.