ಐವತ್ತೆಂಟು ಸೆಕೆಂಡು

ಗಾಜಿನ ಕಟ್ಟಡಗಳ ಹೊರಮೈ ತೊಳೆಯುವ ಕೆಲಸದಲ್ಲಿ ಹದಿನೆಂಟು ವರ್ಷ ಸವೆಸಿದ ಆ ಮನುಷ್ಯನಿಗೆ ಜೊತೆಯವರು ಇಟ್ಟ ಹೆಸರು ಹೂಂಗುಟ್ಟಪ್ಪ. ಏನು ಕೇಳಿದರೂ ಹೂಂ. ಊಟ ಆಯಿತಾ, ಹೂಂ. ಗಾಳಿ ಜೋರಾ, ಹೂಂ. ಅವನ ಜೋಡಿಯವನು ಇದಕ್ಕೆ ತದ್ವಿರುದ್ಧ. ವಯಸ್ಸಿನಲ್ಲಿ ಆರು ವರ್ಷ ದೊಡ್ಡವನು, ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಅವನಿಗೆ ಮಾತಿನಮಲ್ಲ ಎಂಬ ಬಿರುದು ತಾನಾಗಿ ಅಂಟಿಕೊಂಡಿತ್ತು. ಹಗ್ಗಕ್ಕೆ ತೂಗುವ ಕಬ್ಬಿಣದ ತೊಟ್ಟಿಲಲ್ಲಿ ಇಬ್ಬರನ್ನೂ ನಿಲ್ಲಿಸಿ ಹನ್ನೆರಡನೇ ಮಹಡಿಗೆ ಇಳಿಬಿಟ್ಟರೆ ಒಬ್ಬ ಸಂಜೆವರೆಗೆ ಹೇಳುತ್ತಿದ್ದ, ಇನ್ನೊಬ್ಬ ಕೇಳುತ್ತಿದ್ದ.

ಇಬ್ಬರ ನಡುವೆ ಒಂದು ಪದ್ಧತಿಯಿತ್ತು. ಸುರಕ್ಷತೆಯ ಬೆಲ್ಟಿನ ಬಳೆ ಇರುವುದು ಬೆನ್ನಿನ ಮೇಲೆ, ಎರಡು ಹೆಗಲ ನಡುವೆ. ತನ್ನ ಕೈ ತನಗೇ ಅಲ್ಲಿಗೆ ಎಟುಕುವುದಿಲ್ಲ. ಹಾಗಾಗಿ ಹಗ್ಗದ ಕೊಕ್ಕೆಯನ್ನು ಒಬ್ಬರಿಗೊಬ್ಬರು ಹಾಕಿ, ಒಮ್ಮೆ ಜಗ್ಗಿ ನೋಡಿ, ‘ಆಯ್ತು’ ಎನ್ನುತ್ತಿದ್ದರು. ಕಂಪನಿಯ ನಿಯಮದಲ್ಲಿ ಮಾತ್ರ ಅವರವರ ಕೊಕ್ಕೆಗೆ ಅವರವರೇ ಹೊಣೆ ಎಂದಿದೆ. ಅದನ್ನು ಬರೆದ ಪುಣ್ಯಾತ್ಮ ಒಂದು ದಿನವಾದರೂ ಆ ಬೆಲ್ಟು ತೊಟ್ಟು ಬೆನ್ನ ಹಿಂದೆ ಕೈ ಆಡಿಸಿ ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಏಳು ತಿಂಗಳ ಹಿಂದೆ ಒಂದು ಬೆಳಗ್ಗೆ ಮಾತಿನಮಲ್ಲ ಏನೋ ತಮಾಷೆ ಹೇಳುತ್ತಿದ್ದ. ಹೂಂಗುಟ್ಟಪ್ಪ ನಗುತ್ತಲೇ ಕೊಕ್ಕೆಯನ್ನು ಬಳೆಗೆ ತಗುಲಿಸಿದ. ಅದು ಕಚ್ಚಿಕೊಂಡ ಸದ್ದು ಕೇಳಲಿಲ್ಲ. ನಗುವಿನಲ್ಲಿ ಕೇಳಿಸಲಿಲ್ಲವೇನೋ ಅಂದುಕೊಂಡ. ಜಗ್ಗಲೂ ಇಲ್ಲ, ‘ಆಯ್ತು’ ಅಂದುಬಿಟ್ಟ. ಅರ್ಧ ಗಂಟೆಯ ನಂತರ ಮೂಲೆಯ ಗಾಜು ಒರೆಸಲು ಮಾತಿನಮಲ್ಲ ಬಾಗಿದಾಗ ಗಾಳಿಗೆ ತೊಟ್ಟಿಲು ವಾಲಿತು. ಹಗ್ಗ ತೊಟ್ಟಿಲಲ್ಲೇ ಉಳಿಯಿತು, ಮನುಷ್ಯ ಉಳಿಯಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಸತ್ತವನು ಕೊಕ್ಕೆ ಸರಿಯಾಗಿ ಹಾಕಿಕೊಂಡಿರಲಿಲ್ಲ, ಅಲ್ಲವೇ? ಇವನು ಹೂಂ ಅಂದ. ಸ್ವಂತ ನಿರ್ಲಕ್ಷ್ಯದಿಂದ ಆದ ಸಾವು ಎಂದು ಕಾಗದ ಬಂತು. ಅಲ್ಲಿಂದ ಇವನೊಳಗೆ ಏನೋ ಮರಗಟ್ಟಿತು. ಅಳು ಬರಲಿಲ್ಲ. ಉಪ್ಪು, ಖಾರ ಒಂದೂ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ಹೊಸ ಜೋಡಿಯವನ ಕೊಕ್ಕೆಯನ್ನು ಮೂರು ಮೂರು ಸಲ ಜಗ್ಗಿ ಬೈಸಿಕೊಳ್ಳುತ್ತಿದ್ದ. ಬೈಗುಳವೂ ತಾಗುತ್ತಿರಲಿಲ್ಲ.

ಸತ್ತವನ ಹೆಂಡತಿಯನ್ನು ಇವನು ಮೊದಲಿಂದಲೂ ಅತ್ತಿಗೆ ಎನ್ನುತ್ತಿದ್ದ. ಬಟ್ಟೆ ಅಂಗಡಿಯೊಂದಕ್ಕೆ ಪ್ಯಾಂಟುಗಳ ಅಂಚು ಮಡಚಿ ಹೊಲಿದುಕೊಡುವುದು ಅವಳ ಕೆಲಸ. ಗಂಡ ಬಿಟ್ಟುಹೋದ ಟ್ರಯಲ್ಸ್ ಬೈಕು ಹಿತ್ತಲ ಗೋಡೆಗೆ ಒರಗಿ ನಿಂತಿತ್ತು. ಕಲ್ಲು, ಕಟ್ಟೆಗಳ ಮೇಲೆ ಹತ್ತಿಸುವ ಸೈಕಲ್ಲು ಅದು, ಕೂರಲು ಸೀಟೇ ಇಲ್ಲ. ಚಕ್ರಕ್ಕೆ ಗಾಳಿ ಹೊಡೆದುಕೊಡು ಬಾ ಎಂದು ಅತ್ತಿಗೆ ಕರೆದಿದ್ದಳು. ಗಾಳಿ ಹೊಡೆದವನು ಅದರ ಮೇಲೆ ಹತ್ತಿಯೂ ನೋಡಿದ. ಆಮೇಲೆ ಪ್ರತಿ ರಜೆಯ ಬೆಳಗ್ಗೆ ಅವನ ಸವಾರಿ ಆ ಹಿತ್ತಲಿಗೇ. ಸವಾರಿ ಅನ್ನುವುದೂ ತಪ್ಪು, ಸೈಕಲ್ಲು ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ.

ನಿಂತಲ್ಲೇ ನಿಲ್ಲುವುದೇ ಅಲ್ಲಿಯ ವಿದ್ಯೆ. ಪೆಡಲುಗಳು ಸಮ, ಮುಂದಿನ ಚಕ್ರ ಓರೆ, ಎರಡೂ ಬ್ರೇಕು ಬಿಗಿ, ಮಂಡಿ ಸಡಿಲ. ಭಾರವೆಲ್ಲ ಪಾದದ ಮೇಲಿರಬೇಕು, ಕಣ್ಣು ಎದುರಿನ ಒಂದು ಗುರುತಿನ ಮೇಲಿರಬೇಕು. ಚಕ್ರ ನೋಡಿದಿರೋ ಬಿದ್ದಿರಿ. ಮಾತಿನಮಲ್ಲ ಐವತ್ತೆರಡು ಸೆಕೆಂಡು ನಿಂತು ಊರಿಗೆಲ್ಲ ಟಾಂಟಾಂ ಮಾಡಿದ್ದ. ಇವನು ಮೊದಲ ದಿನ ಮೂರು ಸೆಕೆಂಡು ನಿಂತ, ತಿಂಗಳ ಕೊನೆಗೆ ಇಪ್ಪತ್ತು. ನಿಂತಷ್ಟು ಹೊತ್ತು ತಲೆಯೊಳಗೆ ಏನೂ ಇರುತ್ತಿರಲಿಲ್ಲ. ಅದೇ ಅವನಿಗೆ ಬೇಕಾಗಿದ್ದದ್ದು.

ಆಗಲೇ ಅವನು ತನ್ನೊಡನೆ ಒಂದು ಒಪ್ಪಂದ ಮಾಡಿಕೊಂಡ. ಒಂದು ನಿಮಿಷ ಅಲುಗದೆ ನಿಂತ ದಿನ ಅತ್ತಿಗೆಗೆ ಎಲ್ಲ ಹೇಳಿಬಿಡುವುದು. ನಿಮಿಷಕ್ಕೂ ನಿಜಕ್ಕೂ ಏನು ನೆಂಟಸ್ತನ ಎಂದು ಕೇಳಬೇಡಿ, ಹೆದರಿದವನ ಲೆಕ್ಕಾಚಾರವೇ ಹಾಗೆ. ಕಳೆದ ಎರಡು ತಿಂಗಳಲ್ಲಿ ಅವನು ಐದು ಸಲ ಐವತ್ತೆಂಟು ಸೆಕೆಂಡು ಮುಟ್ಟಿದ್ದ. ಐದು ಸಲವೂ ಎಡಗಾಲು ನೆಲಕ್ಕಿಳಿಯಿತು. ತಾನಾಗಿ ಇಳಿಯಿತು ಎಂದು ಅವನು ನಂಬಿದ್ದ. ನಾವು ನಂಬಬೇಕಾಗಿಲ್ಲ.

ಆ ರಜೆಯ ದಿನ ಅತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಪ್ಯಾಂಟು ಹರಡಿಕೊಂಡು ಹೊಲಿಗೆ ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಗಡಿಯಾರ. ಬೇಸರ ಕಳೆಯಲೆಂದು ಅವಳೇ ಎಣಿಸಿಕೊಡುವ ರೂಢಿಯಾಗಿತ್ತು. ಹತ್ತು ಅಂದಳು. ಅವನು ಗೋಡೆಯ ಬಿರುಕಿನಲ್ಲಿ ಕಣ್ಣು ನೆಟ್ಟಿದ್ದ. ಹದಿನೈದು ಅಂದವಳು ಎಣಿಕೆ ಬಿಟ್ಟು ಮಾತಿಗಿಳಿದಳು. ನಿನ್ನೆ ಗಂಡನ ಅಂಗಿಗಳನ್ನೆಲ್ಲ ಕೊಟ್ಟುಬಿಟ್ಟಳಂತೆ. ಒಂದನ್ನಾದರೂ ಇಟ್ಟುಕೊಳ್ಳೋಣ ಎಂದು ಅವಳಿಗೆ ಅನಿಸಲಿಲ್ಲವಂತೆ.

“ನನಗೆ ಅಳೂನೇ ಬರಲ್ಲ ಕಣಪ್ಪ. ನೆನೆಸ್ಕೊಂಡ್ರೆ ಸಿಟ್ಟೇ ಬರುತ್ತೆ. ಸೈಕಲ್ ಮೇಲೆ ನಿಂತ್ಕೊಳ್ಳೋಕೆ ಅಷ್ಟು ಜೋಪಾನ ಮಾಡೋರು, ಒಂದು ಕೊಕ್ಕೆ ನೋಡ್ಕೊಳ್ಳೋಕಾಗ್ಲಿಲ್ವಾ? ಮನೇಲಿ ಒಬ್ಳು ಕಾಯ್ತಿದಾಳೆ ಅಂತಾದ್ರೂ ಬೇಡ್ವಾ?”

ಏಳು ತಿಂಗಳಲ್ಲಿ ಇದು ಅವನಿಗೆ ಹೊಳೆದೇ ಇರಲಿಲ್ಲ. ತಾನು ಬಾಯಿ ಮುಚ್ಚಿಕೊಂಡು ಕಾಪಾಡಿದ್ದು ತನ್ನ ಮಾನವನ್ನು ಮಾತ್ರ ಎಂದುಕೊಂಡಿದ್ದ. ಅವಳ ಅಳುವನ್ನೂ ಕಿತ್ತುಕೊಂಡಿದ್ದ. ನಿಮಿಷಕ್ಕೆ ಇನ್ನೂ ಇಪ್ಪತ್ತು ಸೆಕೆಂಡು ಬಾಕಿಯಿತ್ತು. ಅವನು ಗೊತ್ತಿದ್ದೇ ಕಾಲು ಕೆಳಗಿಟ್ಟ.

“ಅತ್ತಿಗೆ, ಅದು ಅವರು ನೋಡ್ಕೊಳ್ಳೋ ಕೊಕ್ಕೆ ಅಲ್ಲ. ಬೆನ್ನಿಗಿರುತ್ತೆ. ನಾನು ಹಾಕ್ಬೇಕಿತ್ತು. ಜಗ್ಗಿ ನೋಡ್ಲಿಲ್ಲ. ನೋಡ್ದೇನೇ ಆಯ್ತು ಅಂದೆ.”

ಅವನು ಅಷ್ಟು ಉದ್ದ ಮಾತಾಡಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಕೈಯಲ್ಲಿದ್ದ ಪ್ಯಾಂಟಿನ ಅಂಚನ್ನು ನೋಡಿದಳು, ಅವನನ್ನು ನೋಡಿದಳು. ಬೇಕೆಂದು ಮುಚ್ಚಿಟ್ಟೆಯಾ ಎಂದು ಮೆಲ್ಲಗೆ ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಸೈಕಲ್ಲಿನ ಹಿಡಿ ಇನ್ನೂ ಅವನ ಕೈಯಲ್ಲೇ ಇತ್ತು.

“ಏಳು ತಿಂಗಳಿಂದ ಸತ್ತವರನ್ನ ಬೈತಿದೀನಲ್ಲೋ ನಾನು. ಅದೆಲ್ಲ ನಿನಗೆ ಸೇರಬೇಕಾಗಿತ್ತು.”

“ಈಗ ಬೈಯಿರಿ ಅತ್ತಿಗೆ.”

ಅವಳು ಬೈಯಲೆಂದೇ ಬಾಯಿ ತೆರೆದಳು. ಗಂಟಲಿನಿಂದ ಬೇರೇನೋ ಕಿತ್ತುಕೊಂಡು ಬಂತು. ಯಾರದೋ ಪ್ಯಾಂಟಿನಲ್ಲಿ ಮುಖ ಹುದುಗಿಸಿ, “ಏನ್ರೀ, ಏನ್ರೀ” ಎಂದು ಗಂಡನನ್ನು ಕರೆದು ಅಳತೊಡಗಿದಳು. ಒಂದೇ ಒಂದು ಬೈಗುಳ ಸಿಕ್ಕಿದ್ದರೆ ಅವನು ಅದನ್ನು ಎದೆಗವಚಿಕೊಂಡು ಮನೆಗೆ ಹೋಗುತ್ತಿದ್ದ. ಬಹಳ ಹೊತ್ತು ಕಾದ. ಅವನು ಅಲ್ಲಿದ್ದಾನೆ ಎಂಬುದೇ ಅವಳಿಗೆ ಮರೆತುಹೋಗಿತ್ತು.