ನೀಲಿ ಚೂರುಗಳ ವರಾಂಡ

ಚಳ್ಳಕೆರೆಯಲ್ಲಿ ನಮ್ಮ ಮನೆ ಕಟ್ಟಿಸಿದವರು ದಾದಾ, ಅಂದರೆ ನನ್ನ ತಂದೆಯ ತಂದೆ. ಎಪ್ಪತ್ತರ ದಶಕದಲ್ಲಿ ಯಾವುದೋ ದೊಡ್ಡ ಊರಿನಲ್ಲಿ ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದು ಚಪ್ಪಟೆ ತಾರಸಿ, ಗೋಡೆಯುದ್ದಕ್ಕೂ ಚಾಚಿದ ಸಜ್ಜಾ, ಸಿಮೆಂಟಿನ ಜಾಲರಿ, ಮುಂದುಗಡೆ ಅರ್ಧಚಂದ್ರದಂತೆ ಬಾಗಿದ ವರಾಂಡ ಮಾಡಿಸಿದ್ದರು. ವರಾಂಡದ ನೆಲಕ್ಕೆ ಒಡೆದ ಪಿಂಗಾಣಿಯ ಚೂರುಗಳು. ಜಾಲರಿಯಿಂದ ನಡುಮನೆಗೆ ಬೀಳುತ್ತಿದ್ದ ಬಿಸಿಲಿನ ಚೌಕಗಳ ಮೇಲೆ ನಾನೂ ಅಕ್ಕನೂ ಕುಂಟಾಬಿಲ್ಲೆ ಆಡುತ್ತಿದ್ದೆವು. ಹೊತ್ತು ಜರುಗಿದಂತೆ ಚೌಕಗಳೂ ಜರುಗಿ ಜಗಳವಾಗುತ್ತಿತ್ತು. ಶೇಂಗಾ ಎಣ್ಣೆ ಮಿಲ್ಲುಗಳ ಕಡೆಯಿಂದ ಬಿಸಿಗಾಳಿ ಬೀಸಿದರೆ ವರಾಂಡದ ಚೂರುಗಳ ಮೇಲೆ ಬೋರಲು ಮಲಗುತ್ತಿದ್ದೆವು. ಆ ತಂಪು ಈಗಲೂ ನೆನಪಿದೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅಕ್ಕನಿಗೆ ಮೊಳಕಾಲ್ಮುರಿನ ಸಂಬಂಧ ಗೊತ್ತಾಯಿತು. ಬೀಗರು ಬರುವಷ್ಟರಲ್ಲಿ ಮನೆ ಹೊಸದಾಗಬೇಕು ಎಂದರು ನಮ್ಮ ತಂದೆ, ಅಬ್ಬಾ. ಅವರದು ಲಾರಿ ರಿಪೇರಿಯ ಗ್ಯಾರೇಜು. ಹಳೆಯದು ಬಿಚ್ಚಿ ಹೊಸದು ಕೂರಿಸುವುದು ಕೈಗೆ ಹತ್ತಿದ ಅಭ್ಯಾಸ. ಜಾಲರಿ ಹೋಗಿ ಗಾಜಿನ ಕಿಟಕಿ ಬಂತು. ನಡುಮನೆಯ ಕೆಂಪು ನೆಲದ ಮೇಲೆ ಬಿಳಿ ಟೈಲ್ಸ್ ಕೂತವು. ಎಲ್ಲದಕ್ಕೂ ಅಮ್ಮಿ "ಆಗಲಿ" ಎಂದಳು.

ವರಾಂಡ ಒಡೆಯುವ ದಿನ ಗಾರೆ ಮೇಸ್ತ್ರಿ ಸುತ್ತಿಗೆ, ಉಳಿ ಹಿಡಿದು ಬಂದರೆ, ಅಮ್ಮಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ನಟ್ಟನಡುವೆ ಕೂತಿದ್ದಳು.

"ಅಮ್ಮಾ, ಒಂಚೂರು ಒಳಗೆ ಹೋಗ್ತೀರಾ? ಧೂಳು ಬರ್ತೈತೆ."

"ಅಕ್ಕಿ ಆರಿಸೋದು ಐತಪ್ಪ."

ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು. ಮೇಸ್ತ್ರಿ ಚಾ ಕುಡಿದ, ಬೀಡಿ ಸೇದಿದ, ಕೊನೆಗೆ ಗ್ಯಾರೇಜಿಗೆ ಹೇಳಿಕಳಿಸಿದ. ಅಬ್ಬಾ ಗ್ರೀಸು ಮೆತ್ತಿದ ಕೈಯಲ್ಲೇ ಬಂದರು.

ಮನೆಯಲ್ಲಿ ನಾವಾಡುವುದು ಉರ್ದು. ಅವತ್ತು ಅಮ್ಮಿ, ಮೇಸ್ತ್ರಿಗೂ ತಿಳಿಯಲೆಂದು, ಕನ್ನಡದಲ್ಲೇ ಹೇಳಿದಳು. "ಇದೊಂದು ಬಿಟ್ಬಿಡ್ರಿ."

"ಏನೈತೆ ಇದ್ರಾಗೆ? ಒಡೆದಿರೋ ಚಾ ಕಪ್ಪು, ಬಸಿ!"

"ಒಡೆದೋಳು ನಾನೇ," ಎಂದಳು. "ಹೊಸದಾಗಿ ಮದುವೆಯಾಗಿ ಬಂದಿದ್ದೆ. ನಿಮ್ಮಮ್ಮನ ನೀಲಿ ಹೂವಿನ ಚಾ ಕಪ್ಪು, ಬಸಿ ಎಲ್ಲಾ ಕೈಜಾರಿ ಬಿದ್ವು. ತವರಿಗೆ ಕಳಿಸ್ತಾರೆ ಅಂತ ನಡುಗ್ತಿದ್ದೆ. ಅವರು ಚೂರೆಲ್ಲಾ ಸೆರಗಿಗೆ ತುಂಬ್ಕೊಂಡು ಹೋಗಿ ಈ ನೆಲ ಹಾಕೋನಿಗೆ ಕೊಟ್ರು. ನೀಲಿ ಕಮ್ಮಿ ಬಿದ್ದಿತ್ತಲ್ಲಪ್ಪ, ನನ್ನ ಸೊಸೆ ತಂದಾಳೆ ನೋಡು ಅಂದ್ರು. ಯಾರಿಗೂ ಹೇಳಲಿಲ್ಲ, ನಿಮಗೂ."

ಅಬ್ಬಾ ಕುಕ್ಕರಗಾಲಲ್ಲಿ ಕೂತು ನೀಲಿ ಚೂರುಗಳ ಮೇಲೆ ಬೆರಳಾಡಿಸಿದರು. ಗ್ರೀಸಿನ ಗುರುತು ಬಿತ್ತು.

"ಬೈಲಿಲ್ವಾ ನಿನ್ನ?"

"ಇಲ್ಲ."

"ನಾನೊಂದು ಲೋಟ ಸೊಟ್ಟ ಮಾಡಿದ್ದಕ್ಕೆ ಓಣಿ ತುಂಬಾ ಅಟ್ಟಾಡಿಸಿ ಹೊಡೆದಿದ್ಲು!" ಎಂದು ನಕ್ಕು, ಮೇಸ್ತ್ರಿಯ ಕಡೆ ತಿರುಗಿದರು. "ಉಳಿ ಒಳಗಿಡಪ್ಪ."

"ಒಳಗಿನ ನೆಲ ಎರಡು ಬೆರಳು ಮೇಲೆದ್ದೈತೆ ಸಾಹೇಬ್ರೇ. ಬಂದೋರು ಎಡವ್ತಾರೆ."

"ಎಡವಲಿ ಬಿಡು."

ಎಡವಿದರು. ಬೀಗರು ಬಂದಾಗ ಮೊದಲು ಮುಗ್ಗರಿಸಿದವರು ಅಕ್ಕನ ಮಾವನಾಗುವವರೇ. ಅಬ್ಬಾ ಗಾಬರಿಯಿಂದ ತೋಳು ಹಿಡಿದು ಅವರನ್ನು ವರಾಂಡದ ಕುರ್ಚಿಯಲ್ಲೇ ಕೂರಿಸಿದರು. ಅವರು ಸುಧಾರಿಸಿಕೊಂಡು, ಕಾಲ ಕೆಳಗೆ ನೋಡಿ, "ಎಷ್ಟು ಚೆನ್ನಾಗೈತೆ! ಇದನ್ನ ಯಾರು ಮಾಡಿದ್ದು?" ಎಂದು ಕೇಳಿದರು.

ಅಬ್ಬಾ ಬಾಗಿಲಲ್ಲಿ ನಿಂತಿದ್ದ ಅಮ್ಮಿಯತ್ತ ಕೈ ತೋರಿಸಿದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಡುಗೆಮನೆಯಲ್ಲಿ ಅವಳ ನಗು ನಿಲ್ಲಲೇ ಇಲ್ಲ. ಕೊನೆಗೆ ಮದುಮಗಳಾಗಬೇಕಿದ್ದ ಅಕ್ಕನೇ ಚಾ ಸೋಸಬೇಕಾಯಿತು.